ಇಂಗ್ಲಿಷ್ ಬಿ.ಎ.ಯ ಎರಡು ಬೇರುಗಳು



ಕಳೆದ ವಾರ ನಮ್ಮ ಅಣ್ಣನ ಮೊಮ್ಮಗಳ ಫೋನು ಬಂದಿತ್ತು. ಈ ವರ್ಷ ಅವಳು ಇಂಗ್ಲಿಷನ್ನು ಮುಖ್ಯ ವಿಷಯವಾಗಿ ಆರಿಸಿಕೊಂಡು ಬಿ.ಎ.ಗೆ ಸೇರಿದ್ದಾಳೆ. ಉಭಯ ಕುಶಲೋಪರಿಯಾದ ಮೇಲೆ ತನ್ನ ದೂರನ್ನು ಹೊರತೆಗೆದಳು. “ಚಿಕ್ಕಜ್ಜಾ, ನಾನು ಸೇರಿದ್ದು ಕಥೆ, ಕವಿತೆ, ನಾಟಕ ಓದೋಕೆ. ಇಲ್ಲಿ ನೋಡಿದ್ರೆ ನಾಲಿಗೆ ಎಲ್ಲಿಡಬೇಕು, ಉಸಿರು ಹೇಗೆ ಬಿಡಬೇಕು ಅಂತ ಬಾಯಿಯ ಚಿತ್ರ ಬರೆಸ್ತಿದ್ದಾರೆ. ಸಾಹಿತ್ಯಕ್ಕೂ ಇದಕ್ಕೂ ಏನು ಸಂಬಂಧ?”

ಈ ಪ್ರಶ್ನೆ ನನಗೆ ಹೊಸದಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಐಚ್ಛಿಕ ಇಂಗ್ಲಿಷಿನ ವಿದ್ಯಾರ್ಥಿಯಾಗಿ ನಾನೂ ಇದನ್ನೇ ಕೇಳಿದ್ದೆ. ನಮಗೆ ಷೇಕ್ಸ್‌ಪಿಯರ್, ಮಿಲ್ಟನ್, ವರ್ಡ್ಸ್‌ವರ್ತ್ ಇವರೆಲ್ಲರ ಜೊತೆಗೆ ‘ಇಂಗ್ಲಿಷ್ ಭಾಷೆಯ ಚರಿತ್ರೆ’ ಎಂಬ ಒಂದು ಪತ್ರಿಕೆಯೂ ಇತ್ತು. ಮೇಷ್ಟ್ರು ನೋಟ್ಸ್ ಬರೆಸುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಇದನ್ನು ಏಕೆ ಓದಬೇಕು ಎಂದು ಒಮ್ಮೆ ಧೈರ್ಯಮಾಡಿ ಕೇಳಿದಾಗ, “ಅಂಕ ತೆಗೆಯುವ ಪತ್ರಿಕೆಯಪ್ಪಾ, ಬಾಯಿಪಾಠ ಮಾಡು” ಎಂಬ ಉತ್ತರ ಬಂತು. ಮಾಡಿದೆ. ಅಂಕವೂ ಬಂತು. ಅರ್ಥ ಮಾತ್ರ ಹದಿನೈದು ವರ್ಷ ತಡವಾಗಿ ಬಂತು. ಆ ತಡಕ್ಕೆ ಬೆಲೆ ತೆತ್ತವನು ನಾನಲ್ಲ, ನನ್ನ ಒಬ್ಬ ವಿದ್ಯಾರ್ಥಿ. ಅವನ ವಿಷಯವನ್ನು ಕೊನೆಗೆ ಹೇಳುತ್ತೇನೆ. ಮೊದಲು ಮೊಮ್ಮಗಳ ಪ್ರಶ್ನೆಗೆ ಉತ್ತರವಾಗಿ ಸ್ವಲ್ಪ ಚರಿತ್ರೆ.

ಇಂಗ್ಲಿಷ್ ಬಿ.ಎ.ಗೆ ಎರಡು ಬೇರುಗಳಿವೆ. ಒಂದು ಭಾಷಾಶಾಸ್ತ್ರದ್ದು, ಇನ್ನೊಂದು ಸಾಹಿತ್ಯದ್ದು. ಸೋಜಿಗವೆಂದರೆ ಈ ಎರಡೂ ಬೇರುಗಳನ್ನು ಹುಡುಕುತ್ತ ಹೋದರೆ ನಾವು ಲಂಡನ್ನಿಗಿಂತ ಮೊದಲು ಕಲ್ಕತ್ತಕ್ಕೆ ಹೋಗಿ ನಿಲ್ಲುತ್ತೇವೆ. ಇನ್ನೂ ಸೋಜಿಗವೆಂದರೆ ಎರಡಕ್ಕೂ ತಾರೀಖು ಒಂದೇ: ಫೆಬ್ರವರಿ 2. ವರ್ಷಗಳು ಮಾತ್ರ ಬೇರೆ.

ಮೊದಲನೆಯದು 1786ರ ಫೆಬ್ರವರಿ 2. ಕಲ್ಕತ್ತದ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಸರ್ ವಿಲಿಯಂ ಜೋನ್ಸ್ ಅಂದು ಏಷ್ಯಾಟಿಕ್ ಸೊಸೈಟಿಯಲ್ಲಿ ತಮ್ಮ ಮೂರನೆಯ ವಾರ್ಷಿಕ ಭಾಷಣ ಮಾಡಿದರು. ಅವರು ಪಂಡಿತರ ಬಳಿ ಕುಳಿತು ಸಂಸ್ಕೃತ ಕಲಿತಿದ್ದವರು. ಗ್ರೀಕ್, ಲ್ಯಾಟಿನ್ ಮೊದಲೇ ತಿಳಿದಿತ್ತು. ಈ ಮೂರು ಭಾಷೆಗಳ ಧಾತುಗಳಲ್ಲಿ, ವ್ಯಾಕರಣ ರೂಪಗಳಲ್ಲಿ ಇರುವ ಹೋಲಿಕೆ ಆಕಸ್ಮಿಕವಾಗಿರಲು ಸಾಧ್ಯವಿಲ್ಲವೆಂದೂ, ಬಹುಶಃ ಈಗ ಅಳಿದುಹೋಗಿರುವ ಒಂದೇ ಮೂಲದಿಂದ ಇವು ಹುಟ್ಟಿರಬೇಕೆಂದೂ ಅವರು ಹೇಳಿದರು. ಇಂಥ ಹೋಲಿಕೆಯನ್ನು ಕಂಡವರಲ್ಲಿ ಅವರೇ ಮೊದಲಿಗರಲ್ಲ. ಆದರೆ ಅವರ ಮಾತು ಯೂರೋಪಿನ ವಿದ್ವಾಂಸರ ಕಿವಿಗೆ ಬಿತ್ತು. ತೌಲನಿಕ ಭಾಷಾಶಾಸ್ತ್ರ ಬೆಳೆಯಿತು.

1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಆ ಹೋಲಿಕೆಗಳ ಹಿಂದಿನ ನಿಯಮವೊಂದನ್ನು ವಿವರಿಸಿದರು. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯರೇ ಇವರು. ಸಂಸ್ಕೃತದಲ್ಲಿ ‘ಪ’ಕಾರ ಇರುವ ಕಡೆ ಇಂಗ್ಲಿಷಿನಲ್ಲಿ ‘ಫ’ಕಾರ ಬರುತ್ತದೆ: ಪಿತೃ ಎಂಬುದಕ್ಕೆ ಫಾದರ್, ಪಾದಕ್ಕೆ ಫುಟ್. ‘ದ’ಕಾರ ಇರುವ ಕಡೆ ‘ಟ’ಕಾರ ಬರುತ್ತದೆ: ದ್ವಿ ಎಂಬುದಕ್ಕೆ ಟೂ, ದಶಕ್ಕೆ ಟೆನ್, ದಂತಕ್ಕೆ ಟೂತ್. ಇದರರ್ಥ ಇಂಗ್ಲಿಷು ಸಂಸ್ಕೃತದಿಂದ ಹುಟ್ಟಿತೆಂದಲ್ಲ. ಇಬ್ಬರೂ ಕಾಲವಶಳಾದ ಒಬ್ಬ ಅಜ್ಜಿಯ ಬೇರೆ ಬೇರೆ ಮೊಮ್ಮಕ್ಕಳು, ಅಷ್ಟೆ.

ನಮ್ಮ ಕನ್ನಡ ಆ ಮನೆತನಕ್ಕೆ ಸೇರಿದ್ದಲ್ಲ. ಅದನ್ನೂ ತೋರಿಸಿಕೊಟ್ಟದ್ದು ಇದೇ ಶಾಸ್ತ್ರ. ಮದರಾಸಿನ ಕಲೆಕ್ಟರಾಗಿದ್ದ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲಿ, ತೆಲುಗು ವ್ಯಾಕರಣ ಗ್ರಂಥವೊಂದಕ್ಕೆ ಬರೆದ ಟಿಪ್ಪಣಿಯಲ್ಲಿ, ದಕ್ಷಿಣದ ಭಾಷೆಗಳು ಸಂಸ್ಕೃತಜನ್ಯವಲ್ಲ, ತಮ್ಮದೇ ಬೇರೊಂದು ಕುಲಕ್ಕೆ ಸೇರಿದವು ಎಂದು ಉದಾಹರಣೆಗಳೊಡನೆ ತೋರಿಸಿದರು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅವರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬಂದು ಈ ಮಾತು ಗಟ್ಟಿಯಾಯಿತು. ಗ್ರಿಮ್ ಕಂಡಂಥ ನಿಯಮ ನಮ್ಮ ಮನೆಯಲ್ಲಿಯೂ ಇದೆ. ಹಳಗನ್ನಡದ ಪಾಲ್, ಪುಲಿ, ಪೂ ಎಂಬ ಶಬ್ದಗಳು ಹತ್ತನೆಯ ಶತಮಾನದಿಂದ ಮುಂದಕ್ಕೆ ಮೆಲ್ಲಮೆಲ್ಲನೆ ಹಾಲು, ಹುಲಿ, ಹೂ ಆದವು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ‘ಆಲು’ ಎನ್ನುವವರಿದ್ದಾರೆ. ಅವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದವರು. ಭಾಷಾಶಾಸ್ತ್ರದ ಕಣ್ಣಿಗೆ ಅದು ತಪ್ಪಲ್ಲ, ಬದಲಾವಣೆ.

ಇನ್ನು ಎರಡನೆಯ ಬೇರು. 1835ರ ಫೆಬ್ರವರಿ 2. ಅದೇ ಕಲ್ಕತ್ತ. ಗವರ್ನರ್ ಜನರಲ್ ಅವರ ಮಂಡಳಿಯ ಕಾನೂನು ಸದಸ್ಯರಾಗಿದ್ದ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ ಅಂದು ತಮ್ಮ ಪ್ರಸಿದ್ಧ ಟಿಪ್ಪಣಿಯನ್ನು ಸಲ್ಲಿಸಿದರು. 1813ರ ಚಾರ್ಟರ್ ಕಾಯಿದೆಯ ಪ್ರಕಾರ ಕಂಪನಿ ಸರ್ಕಾರ ವರ್ಷಕ್ಕೆ ಒಂದು ಲಕ್ಷ ರೂಪಾಯಿಯನ್ನು ವಿದ್ಯೆಗಾಗಿ ತೆಗೆದಿರಿಸಬೇಕಾಗಿತ್ತು. ಆ ಹಣ ಸಂಸ್ಕೃತ, ಅರಬ್ಬಿಗಳಿಗೆ ಹೋಗಬೇಕೋ ಇಂಗ್ಲಿಷಿಗೋ ಎಂಬುದು ವಿವಾದ. ತಮಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದೆಂದು ಒಪ್ಪಿಕೊಂಡೇ ಮೆಕಾಲೆಯವರು ಆ ಸಾಹಿತ್ಯಗಳೆಲ್ಲ ಯೂರೋಪಿನ ಪುಸ್ತಕಗಳ ಮುಂದೆ ಹಗುರವೆಂದು ತೀರ್ಪು ಕೊಟ್ಟರು. ಮಾರ್ಚ್ 7ರಂದು ಬೆಂಟಿಂಕ್ ಸರ್ಕಾರದ ನಿರ್ಣಯ ಇಂಗ್ಲಿಷಿನ ಪರವಾಗಿ ಹೊರಬಿತ್ತು.

ಎರಡು ಫೆಬ್ರವರಿಗಳ ನಡುವೆ ನಲವತ್ತೊಂಬತ್ತು ವರ್ಷ. ಒಬ್ಬರು ಕಲಿತು, ಹೋಲಿಸಿ, ಬೆರಗಾದರು. ಇನ್ನೊಬ್ಬರು ಕಲಿಯದೆಯೇ ತೂಗಿದರು. ಇಂಗ್ಲಿಷ್ ಬಿ.ಎ. ಎಂಬುದು ಈ ಇಬ್ಬರ ಜಗಳವನ್ನು ಒಂದೇ ಸೂರಿನಡಿ ಇರಿಸಿಕೊಂಡ ಮನೆ.

ಮೆಕಾಲೆಗಿಂತ ಮೊದಲೇ ಇಂಗ್ಲಿಷ್ ಸಾಹಿತ್ಯದ ಪಾಠ ಇಲ್ಲಿ ಆರಂಭವಾಗಿತ್ತೆಂಬುದನ್ನೂ ಹೇಳಬೇಕು. ಕಲ್ಕತ್ತದ ಹಿಂದೂ ಕಾಲೇಜು 1817ರಲ್ಲಿ ಸ್ಥಾಪನೆಯಾಯಿತು. 1826ರಿಂದ 1831ರವರೆಗೆ ಅಲ್ಲಿ ಸಾಹಿತ್ಯ ಮತ್ತು ಚರಿತ್ರೆ ಕಲಿಸಿದ ಹೆನ್ರಿ ಡೆರೋಜಿಯೊ ಎಂಬ ತರುಣ ಅಧ್ಯಾಪಕರು ಹುಡುಗರಿಗೆ ಪ್ರಶ್ನೆ ಕೇಳುವುದನ್ನು ಕಲಿಸಿ, ಊರ ಹಿರಿಯರ ಕೋಪಕ್ಕೆ ಗುರಿಯಾಗಿ ಕೆಲಸ ಕಳೆದುಕೊಂಡರು. ಇಂಗ್ಲೆಂಡಿನಲ್ಲಿಯೇ ಇಂಗ್ಲಿಷಿಗೆ ಪ್ರಾಧ್ಯಾಪಕರು ಬಂದದ್ದು 1828ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. ಥಾಮಸ್ ಡೇಲ್ ಎಂಬ ಪಾದ್ರಿಗಳು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಆಗ ಗ್ರೀಕ್, ಲ್ಯಾಟಿನ್‌ಗಳದೇ ರಾಜ್ಯಭಾರ. ತಾಯಿಭಾಷೆಯ ಪುಸ್ತಕವನ್ನು ಓದಲು ಮೇಷ್ಟ್ರು ಏಕೆ ಬೇಕು ಎಂಬುದು ಅವರ ಭಾವನೆ. ಇಂಗ್ಲಿಷ್ ಸಾಹಿತ್ಯ ಒಂದು ಪಠ್ಯವಿಷಯವಾಗಿ ರೂಪುಗೊಂಡದ್ದು ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ, ಆಳುವವರ ಅಗತ್ಯಕ್ಕಾಗಿ ಎಂದು ಗೌರಿ ವಿಶ್ವನಾಥನ್ ಅವರು 1989ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. 1854ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆಯ ರೂಪರೇಷೆ ಹಾಕಿದ ಸಮಿತಿಗೂ ಮೆಕಾಲೆಯವರೇ ಅಧ್ಯಕ್ಷರು. ಅದರಲ್ಲಿ ಇಂಗ್ಲಿಷ್ ಭಾಷೆ, ಸಾಹಿತ್ಯಗಳಿಗೆ ದೊಡ್ಡ ಅಂಕಗಳಿದ್ದವು. ಭಾರತವನ್ನು ಆಳಲು ಬರುವವರಿಗಾಗಿ ಇಂಗ್ಲೆಂಡಿನಲ್ಲಿಯೂ ಇಂಗ್ಲಿಷ್ ಪಾಠ ಬೇಕಾಯಿತು.

ಆಕ್ಸ್‌ಫರ್ಡಿಗೆ ಇಂಗ್ಲಿಷು ಕಾಲಿಟ್ಟ ಕಥೆ ಇನ್ನೂ ಸ್ವಾರಸ್ಯ. 1885ರಲ್ಲಿ ಅಲ್ಲಿ ಇಂಗ್ಲಿಷ್ ಭಾಷೆ ಮತ್ತು ಸಾಹಿತ್ಯಕ್ಕೆಂದು ಮರ್ಟನ್ ಪೀಠ ಸ್ಥಾಪನೆಯಾದಾಗ ಅದರಲ್ಲಿ ಕುಳಿತವರು ಆರ್ಥರ್ ನೇಪಿಯರ್ ಎಂಬ ಶುದ್ಧ ಭಾಷಾಶಾಸ್ತ್ರಜ್ಞರು. ಸಾಹಿತ್ಯದವರು ಕೆರಳಿದರು. ಚರ್ಟನ್ ಕಾಲಿನ್ಸ್ ಎಂಬ ವಿಮರ್ಶಕರು ಪತ್ರಿಕೆಗಳಲ್ಲಿ ದೊಡ್ಡ ಗುಲ್ಲೆಬ್ಬಿಸಿದರು. ಎದುರುಪಕ್ಷದಲ್ಲಿ ಚರಿತ್ರೆಯ ಪ್ರಾಧ್ಯಾಪಕ ಫ್ರೀಮನ್ ಇದ್ದರು. ಅವರ ವಾದ ಸರಳ: ರುಚಿಯನ್ನು ಪರೀಕ್ಷೆ ಮಾಡಲು ಬರುವುದಿಲ್ಲ, ಕವಿಗಳ ಬಗ್ಗೆ ಹರಟೆ ಹೊಡೆದವನಿಗೆ ಪದವಿ ಕೊಡುವುದು ಹೇಗೆ? ಭಾಷೆಯ ಚರಿತ್ರೆಯಾದರೆ ಸರಿ–ತಪ್ಪು ಇರುತ್ತದೆ, ಅಂಕ ಹಾಕಬಹುದು. ಹೀಗಾಗಿ 1894ರಲ್ಲಿ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ವಿಭಾಗ ತೆರೆದಾಗ ಭಾಷೆ, ಸಾಹಿತ್ಯ ಎರಡನ್ನೂ ಒಂದೇ ನೊಗಕ್ಕೆ ಹೂಡಬೇಕಾಯಿತು. ಮೊಮ್ಮಗಳೇ, ನಿನ್ನ ಪಠ್ಯಕ್ರಮದಲ್ಲಿ ನಾಲಿಗೆಯ ಚಿತ್ರ ಬಂದು ಸೇರಿದ ದಾರಿ ಇದು. ನನ್ನ ಮೇಷ್ಟ್ರು ಹೇಳಿದ ‘ಅಂಕ ತೆಗೆಯುವ ಪತ್ರಿಕೆ’ ಎಂಬ ಮಾತಿನ ಹಿಂದೆ ಎಷ್ಟು ಹಳೆಯ ವ್ಯಾಜ್ಯವಿತ್ತೆಂಬುದು ಅವರಿಗೂ ಬಹುಶಃ ತಿಳಿದಿರಲಿಲ್ಲ.

1904ರಲ್ಲಿ ಆಕ್ಸ್‌ಫರ್ಡಿನಲ್ಲಿ ಸಾಹಿತ್ಯಕ್ಕೇ ಬೇರೆ ಪೀಠ ಬಂದು ವಾಲ್ಟರ್ ರ‍್ಯಾಲಿ ಪ್ರಾಧ್ಯಾಪಕರಾದರು. ಅವರು 1885ರಿಂದ 1887ರವರೆಗೆ ನಮ್ಮ ಅಲೀಗಢದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ್ದವರು. ಕೇಂಬ್ರಿಡ್ಜಿನಲ್ಲಿ ಇಂಗ್ಲಿಷ್ ಪದವಿ ಪರೀಕ್ಷೆ ಸ್ವತಂತ್ರವಾಗಿ ನೆಲೆಗೊಂಡದ್ದು 1917ರಲ್ಲಿ. ಅಲ್ಲಿ ಸಾಹಿತ್ಯವೇ ಮುಂದಾಯಿತು, ಭಾಷೆಯ ಚರಿತ್ರೆ ಹಿಂದೆ ಸರಿಯಿತು.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ 1857ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಮೆಕಾಲೆಯ ತಕ್ಕಡಿ ಈ ಕಾಲೇಜುಗಳಲ್ಲಿಯೂ ಇತ್ತು. ಆದರೆ ಅದೇ ತರಗತಿಗಳಿಂದ ಹೊರಬಂದವರು ಮಾಡಿದ ಕೆಲಸ ನೋಡಿ. ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ.ಎಂ.ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ನಿಂತು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ನವೋದಯಕ್ಕೆ ದಾರಿ ತೆರೆದರು. ಆಕ್ಸ್‌ಫರ್ಡಿನಲ್ಲಿ ಓದಿಬಂದ ವಿ.ಕೃ.ಗೋಕಾಕರು 1958ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರಿಗೆ ಜ್ಞಾನಪೀಠ ಬಂದದ್ದು ಕನ್ನಡದಿಂದ.

ಎರಡೂ ಬೇರುಗಳನ್ನು ಒಬ್ಬರೇ ಹೇಗೆ ಕೂಡಿಸಬಹುದೆಂಬುದಕ್ಕೆ ನನಗೆ ಬಹಳ ಪ್ರಿಯವಾದ ಉದಾಹರಣೆ ಎ.ಕೆ.ರಾಮಾನುಜನ್. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಆನರ್ಸ್ ಓದಿ, ಬೆಳಗಾವಿಯೇ ಮೊದಲಾದ ಊರುಗಳಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಅನಂತರ ಪುಣೆಯ ಡೆಕ್ಕನ್ ಕಾಲೇಜಿಗೆ ಹೋಗಿ ಭಾಷಾವಿಜ್ಞಾನ ಕಲಿತರು. ಅಲ್ಲಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯ, 1963ರಲ್ಲಿ ಡಾಕ್ಟರೇಟ್. ಪ್ರಬಂಧದ ವಿಷಯ ಷೇಕ್ಸ್‌ಪಿಯರ್ ಅಲ್ಲ, ಕನ್ನಡ ವ್ಯಾಕರಣ. ಹತ್ತು ವರ್ಷಗಳ ಮೇಲೆ, 1973ರಲ್ಲಿ, ವಚನಗಳನ್ನು ಇಂಗ್ಲಿಷಿಗೆ ತಂದು ಲೋಕಕ್ಕೆ ಕಾಣಿಸಿದರು. ವಚನದ ಒಂದು ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ ಕುಳಿತಿದೆ, ಯಾವ ಮಾತು ಮರುಕಳಿಸುತ್ತದೆ ಎಂಬುದನ್ನು ಬಿಡಿಸಿ ನೋಡುವ ಶಿಸ್ತು ಇಲ್ಲದೆ ಆ ಅನುವಾದ ಆಗುತ್ತಿರಲಿಲ್ಲ. ಸಾಹಿತ್ಯಕ್ಕೂ ಭಾಷಾಶಾಸ್ತ್ರಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ರಾಮಾನುಜನ್ ಅವರ ಬದುಕೇ ಉತ್ತರ.

ಈಗ ನನ್ನ ಕಥೆ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಎಂಟನೆಯ ತರಗತಿ. ಆಗ ಕನ್ನಡ ಮಾಧ್ಯಮದ ಮಕ್ಕಳು ಐದನೆಯ ತರಗತಿಯಲ್ಲಿ ಇಂಗ್ಲಿಷ್ ಅಕ್ಷರ ಕಾಣುತ್ತಿದ್ದರು. ಅಂದರೆ ಅವರಿಗೆ ಮೂರೇ ವರ್ಷದ ಪರಿಚಯ. ಹಿಂದಿನ ಬೆಂಚಿನ ಹುಡುಗನೊಬ್ಬ ಪಾಠ ಓದುತ್ತ ‘ಇಸ್ಕೂಲ್’ ಎಂದ. ತಿದ್ದಿದೆ. ಮತ್ತೆ ‘ಇಸ್ಕೂಲ್’. ಹತ್ತು ಸಲ ಹೇಳಿಸಿದೆ. ಹತ್ತು ಸಲವೂ ‘ಇ’ ಬಂತು. ತರಗತಿ ನಗತೊಡಗಿತು. ನಾನೂ ನಕ್ಕೆನೆಂದು ನೆನಪು. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅಂದಿನಿಂದ ಅವನು ಇಂಗ್ಲಿಷ್ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಅನುತ್ತೀರ್ಣನಾದ, ಮುಂದೆ ಓದಲಿಲ್ಲ.

ಅದಾಗಿ ಏಳೆಂಟು ವರ್ಷಗಳ ಮೇಲೆ ನನ್ನನ್ನು ಇಂಗ್ಲಿಷ್ ಶಿಕ್ಷಕರ ತರಬೇತಿಯೊಂದಕ್ಕೆ ಕಳುಹಿಸಿದರು. ಅಲ್ಲಿ ಧ್ವನಿವಿಜ್ಞಾನದ ಪಾಠ ಮಾಡಿದ ಉಪನ್ಯಾಸಕಿ ಒಂದು ಕಾಗದದ ಪಟ್ಟಿಯನ್ನು ತುಟಿಯ ಮುಂದೆ ಹಿಡಿದು, ಇಂಗ್ಲಿಷರ ಹಾಗೆ ‘ಪಿನ್’ ಎಂದರು, ಕಾಗದ ಅಲುಗಿತು. ‘ಸ್ಪಿನ್’ ಎಂದರು, ಅಲುಗಲಿಲ್ಲ. ಇಂಗ್ಲಿಷರು ಒಂದೇ ಅಕ್ಷರವನ್ನು ಒಮ್ಮೆ ಮಹಾಪ್ರಾಣವಾಗಿ, ಒಮ್ಮೆ ಅಲ್ಪಪ್ರಾಣವಾಗಿ ನುಡಿಯುತ್ತಾರೆ. ಅವರಿಗೆ ಅದರ ಅರಿವಿಲ್ಲ. ನಮ್ಮ ವರ್ಣಮಾಲೆಯಲ್ಲಾದರೋ ಎರಡಕ್ಕೂ ಬೇರೆ ಅಕ್ಷರಗಳೇ ಇವೆ ಎಂದರು. ಆಮೇಲೆ ‘ಇಸ್ಕೂಲಿ’ಗೆ ಬಂದರು.

ಅಚ್ಚಗನ್ನಡದ ಶಬ್ದಗಳು ಒತ್ತಕ್ಷರದಿಂದ ಆರಂಭವಾಗುವುದಿಲ್ಲ. ಆದ್ದರಿಂದಲೇ ನಮ್ಮ ಹಿರಿಯರು ಸಂಸ್ಕೃತದ ‘ಶ್ರೀ’ಯನ್ನು ‘ಸಿರಿ’ ಮಾಡಿಕೊಂಡರು. ಹದಿಮೂರನೆಯ ಶತಮಾನದ ಕೇಶಿರಾಜ ಇಂಥ ತದ್ಭವಗಳಿಗೆ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟ. ಪ್ರಾಕೃತದವರು ‘ಸ್ತ್ರೀ’ ಎನ್ನಲಾರದೆ ಮುಂದೊಂದು ‘ಇ’ ಸೇರಿಸಿ ‘ಇತ್ಥೀ’ ಎಂದರು. ಲ್ಯಾಟಿನ್ನಿನ ‘ಸ್ಕೋಲಾ’ ಸ್ಪೇನಿನವರ ಬಾಯಲ್ಲಿ ‘ಎಸ್ಕ್ವೇಲಾ’ ಆಯಿತು. ಅವರೂ ಮುಂದೊಂದು ಸ್ವರ ಸೇರಿಸಿಕೊಂಡರು. ಸ್ವತಃ ಇಂಗ್ಲಿಷರ ಕಥೆಯೇನು? ಗ್ರೀಕ್ ಮೂಲದ ‘ಸೈಕಾಲಜಿ’ಯ ಮೊದಲಿಗೆ ಪ್ಸ್ ಎಂಬ ಒತ್ತು ಇದೆ. ಅದು ನಾಲಿಗೆಗೆ ಹೊರಳದೆ ಪಕಾರವನ್ನು ಬರೆಯುತ್ತಾರೆ, ನುಡಿಯುವುದಿಲ್ಲ. ಮೊಣಕಾಲಿಗೆ ಹೇಳುವ ‘ನೀ’ ಶಬ್ದ ಒಂದು ಕಾಲಕ್ಕೆ ‘ಕ್ನೀ’ ಆಗಿತ್ತು. ಕಕಾರವನ್ನು ನುಂಗಿ ಕಾಗದದ ಮೇಲೆ ಮಾತ್ರ ಉಳಿಸಿಕೊಂಡಿದ್ದಾರೆ. ಅವರ ‘ನೇಮ್’ ಆರು ಶತಮಾನಗಳ ಹಿಂದೆ ಹೆಚ್ಚುಕಡಿಮೆ ನಮ್ಮ ‘ನಾಮ’ದ ಹಾಗೆಯೇ ಕೇಳಿಸುತ್ತಿತ್ತು. ಆಮೇಲೆ ಅವರ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದವು. 1476ರಲ್ಲಿ ಕ್ಯಾಕ್ಸ್‌ಟನ್ ಅಚ್ಚುಕೂಟ ತಂದ ಮೇಲೆ ಕಾಗುಣಿತ ಮಾತ್ರ ಬಹುಮಟ್ಟಿಗೆ ಹಳೆಯದೇ ನಿಂತಿತು. ನಮ್ಮ ಮಕ್ಕಳು ಉರುಹೊಡೆಯುವ ಎಷ್ಟೋ ವಕ್ರ ಸ್ಪೆಲಿಂಗುಗಳು ಆ ಚರಿತ್ರೆಯ ಪಳೆಯುಳಿಕೆಗಳು.

ನಾನು ತಲೆತಗ್ಗಿಸಿ ಕುಳಿತೆ. ಇದರಲ್ಲಿ ಎಷ್ಟೋ ಸಂಗತಿಗಳು ಬಿ.ಎ.ಯಲ್ಲಿ ನಾನೇ ಬಾಯಿಪಾಠ ಮಾಡಿ, ಬರೆದು, ಅಂಕ ಪಡೆದಂಥವೇ. ಗ್ರಿಮ್‌ನ ನಿಯಮ ನನಗೆ ಗೊತ್ತಿತ್ತು; ಬೆಂಚಿನ ಮೇಲೆ ನಿಂತ ಹುಡುಗನ ನಾಲಿಗೆಯಲ್ಲಿಯೂ ಒಂದು ನಿಯಮವಿದೆ ಎಂಬುದು ಗೊತ್ತಿರಲಿಲ್ಲ. ಅವನು ಮಾಡಿದ್ದು ತಪ್ಪಲ್ಲ; ಪ್ರಾಕೃತದವರು, ಸ್ಪೇನಿನವರು ಮಾಡಿದ್ದನ್ನೇ ಅವನೂ ಮಾಡಿದ್ದ. ಅವರನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಿರಲಿಲ್ಲ. ತಿದ್ದಬಾರದಿತ್ತು ಎನ್ನುತ್ತಿಲ್ಲ, ತಿದ್ದುವುದು ಮೇಷ್ಟ್ರ ಕೆಲಸ. ‘ಇ’ ಬರದಂತೆ ಮಾಡಲು ಮೊದಲು ‘ಸ್’ ಎಂದು ಹಾವಿನ ಹಾಗೆ ಉದ್ದಕ್ಕೆ ಎಳೆಸಿ, ಆಮೇಲೆ ‘ಕೂಲ್’ ಸೇರಿಸಬೇಕೆಂದು ಆ ಉಪನ್ಯಾಸಕಿ ತೋರಿಸಿಕೊಟ್ಟರು. ಎರಡು ನಿಮಿಷದ ಕೆಲಸ. ಅದರ ಅನಂತರ ನನ್ನ ತರಗತಿಯಲ್ಲಿ ಓದಿದವರಿಗೆ ಆ ಹಾವಿನ ಆಟ ನೆನಪಿರಬಹುದು. ಅದಕ್ಕೆ ಮೊದಲು ಓದಿದವರಿಗೆ ಬೆಂಚು ನೆನಪಿರಬಹುದು.

ಮೊಮ್ಮಗಳಿಗೆ ನಾನು ಹೇಳಿದ್ದು ಇಷ್ಟು: “ಸಾಹಿತ್ಯ ಓದು ಮಗಳೇ, ಮನಸಾರೆ ಓದು. ಅದು ನಿನಗೆ ಒಳ್ಳೆಯದನ್ನು ಮೆಚ್ಚೋದು ಕಲಿಸುತ್ತೆ. ಆದ್ರೆ ಮೆಚ್ಚೋದರ ಹಿಂದೆಯೇ ಮೇಲು–ಕೀಳು ಅನ್ನೋ ತಕ್ಕಡಿ ಬಂದು ನಿಲ್ಲುತ್ತೆ. ಆಗ ನಿನ್ನ ಕಾಪಾಡೋದು ಆ ಬಾಯಿಯ ಚಿತ್ರ. ಅದರಲ್ಲಿ ಎಲ್ಲರ ನಾಲಿಗೇನೂ ಒಂದೇ ಥರ ಇರುತ್ತೆ.”

ಕೊನೆಯದಾಗಿ, ಎಂಬತ್ತರ ದಶಕದ ನಡುವಿನಲ್ಲಿ ನನ್ನ ಬಳಿ ಎಂಟನೆಯ ತರಗತಿ ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಹುಡುಗ ಯಾರೆಂದು ನಿಮಗೆ ತಿಳಿದಿರುತ್ತದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನಿಗೂ ಈಗ ಐವತ್ತು ದಾಟಿದೆ. ನಿಮ್ಮಲ್ಲಿ ಯಾರಿಗಾದರೂ ಅವನು ಸಿಕ್ಕಿದರೆ, ಮೇಷ್ಟ್ರು ಕ್ಷಮೆ ಕೇಳಿದರೆಂದು ತಿಳಿಸಿ. ‘ಇಸ್ಕೂಲು’ ಎಂಬುದರಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ಮೇಷ್ಟ್ರದು ಎಂದು ಹೇಳಿ. ಊರ ಕಡೆ ಬಂದಾಗ ಅವನೊಮ್ಮೆ ಮನೆಗೆ ಬಂದರೆ ಸಂತೋಷ.